ಮುಚ್ಚಳ ಸಡಿಲಾದ ಬ್ಯಾರಲ್

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೆಳಗಾವಿ ಜಿಲ್ಲೆಯ ಕಣಗಲಾದ ಹೆದ್ದಾರಿ ಬದಿ ನಿಂತವರ ಕಣ್ಣು ಮೊದಲು ಹೋಗುವುದು ಟ್ರ್ಯಾಕ್ಟರ್‌ಗಳ ಕಡೆಗೆ. ಒಂದು ಎಂಜಿನ್ನಿಗೆ ಎರಡು ಟ್ರೇಲರ್, ಆಳೆತ್ತರ ಮೀರಿ ಹೇರಿದ ಕಬ್ಬು, ಕಿವಿಗಡಚಿಕ್ಕುವ ಹಾಡು. ಅವುಗಳ ಸಂದಿಯಲ್ಲಿ ನುಸುಳಿಕೊಂಡು ಸಂಕೇಶ್ವರದ ಕಡೆಯಿಂದ ನಿಪ್ಪಾಣಿಯತ್ತ ಸಾಗುವ ಟ್ಯಾಂಕರ್‌ಗಳನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ತವಂದಿ ಘಾಟಿನ ತಿರುವುಗಳಲ್ಲಿ ಅವು ವೇಗ ತಗ್ಗಿಸಿದಾಗ ಹಿಂದಿನ ಬೈಕ್ ಸವಾರನಿಗೆ ಒಂದು ಫಲಕ ಕಾಣುತ್ತದೆ, ಅದರ ಮೇಲೆ ನಾಲ್ಕು ಅಂಕಿ. 1203 ಎಂದಿದ್ದರೆ ಒಳಗಿರುವುದು ಪೆಟ್ರೋಲ್, 1202 ಎಂದರೆ ಡೀಸೆಲ್. 1170 ಎಂದಿದ್ದರೆ ಎಥೆನಾಲ್. ಟ್ರ್ಯಾಕ್ಟರ್ ಏರಿ ಹೋದ ಕಬ್ಬೇ ಬೇರೆ ವೇಷ ತೊಟ್ಟು ಅದೇ ರಸ್ತೆಗೆ ಮರಳಿದೆ ಎಂದರ್ಥ.

ಈ ಅಂಕಿಗಳು ವಿಶ್ವಸಂಸ್ಥೆ ಗೊತ್ತುಪಡಿಸಿದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ವಾಹನಗಳೆಲ್ಲ ಇವನ್ನು ಹೊತ್ತು ತಿರುಗಬೇಕು. ರಸ್ತೆಯಲ್ಲಿ ಇರುವವರೆಗೆ ಸರಕಿಗೆ ಹೆಸರಿದೆ, ಅಂಕಿಯಿದೆ, ಎಚ್ಚರಿಕೆಯ ಚಿತ್ರವಿದೆ. ಅದೇ ಬಗೆಯ ದ್ರವ 200 ಲೀಟರ್‌ನ ಬ್ಯಾರಲ್‌ನಿಂದ 20 ಲೀಟರ್‌ನ ಕ್ಯಾನಿಗೆ, ಕ್ಯಾನಿನಿಂದ ಹಳೆಯ ನೀರಿನ ಬಾಟಲಿಗೆ ಇಳಿಯುತ್ತಾ ಬಂದಂತೆ ಒಂದೊಂದಾಗಿ ಎಲ್ಲ ಗುರುತನ್ನೂ ಕಳೆದುಕೊಳ್ಳುತ್ತದೆ. ಕೊನೆಗೆ ಯಾವುದೋ ಗ್ಯಾರೇಜಿನ ಮೂಲೆಯಲ್ಲಿ, ವೆಲ್ಡಿಂಗ್ ಯಂತ್ರದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಮುಚ್ಚಳ ಸಡಿಲಾಗಿಯೇ ಕೂತಿರುತ್ತದೆ. ಸುಟ್ಟ ಗಾಯಗಳ ಕತೆಗಳಲ್ಲಿ ಬಹಳಷ್ಟು ಶುರುವಾಗುವುದು ಇಂಥ ಮೂಲೆಯಿಂದ.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಜನರಿಗೆ ಈ ವಿಷಯ ದೂರದ್ದಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್, ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್, ಗೋಕಾಕ ಸೀಮೆಯ ಘಟಪ್ರಭಾ ಸಹಕಾರಿ ಹೀಗೆ ಸಕ್ಕರೆಯ ಚಿಮಣಿಗಳು ಇಲ್ಲಿ ಊರಿಂದೂರಿಗೆ ಕಾಣುತ್ತವೆ. ಹಿಂದೆ ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಗಸಿ, ಎಲ್ಲಿಡುವುದೆಂಬ ತಲೆನೋವು. ಈಗ ಎಥೆನಾಲ್‌ನಿಂದಾಗಿ ಅದಕ್ಕೆ ಬೆಲೆ ಬಂದಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ತೆಗೆಯಲು ದಾರಿ ತೆರೆಯಿತು. ಒಂದು ಟನ್ ಕಬ್ಬಿನಿಂದ ಬರುವ ಹಾಲಿಗೆ ಹೆಚ್ಚುಕಡಿಮೆ 70 ಲೀಟರ್ ಸಿಗುತ್ತದೆ. 2022ರ ಜೂನ್‌ನಲ್ಲಿ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 10 ಪಾಲು ಎಥೆನಾಲ್ ಬೆರೆಯಿತು, 2025ರಲ್ಲಿ 20. ಆ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆ ಈಗ ಇಂಧನದ ಸೀಮೆಯೂ ಹೌದು.

ಕಣಗಲಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಮಾತ್ರ ಇನ್ನೊಂದು ಕಾರ್ಖಾನೆ: ಮೊದಲು ಹಿಂದುಸ್ತಾನ್ ಲೇಟೆಕ್ಸ್ ಎಂದಿದ್ದು ಈಗ ಎಚ್‌ಎಲ್‌ಎಲ್ ಲೈಫ್‌ಕೇರ್ ಆಗಿರುವ ಕೇಂದ್ರ ಸರ್ಕಾರದ ಸಂಸ್ಥೆಯ ಘಟಕ. ರಬ್ಬರಿನ ಮಾತು ಬಂದದ್ದಕ್ಕೆ ಒಂದು ಹೋಲಿಕೆ ಹೇಳಬಹುದು. ರಬ್ಬರ್ ಮರದಿಂದ ಒಸರುವ ಹಾಲು ನೀರಿನಲ್ಲಿ ತೇಲುವ ರಬ್ಬರ್ ಕಣಗಳ ಮಿಶ್ರಣ. ಅದರ ಪೀಪಾಯಿಯ ಬಳಿ ಕಡ್ಡಿ ಗೀರಿದರೆ ಹೊತ್ತಿಕೊಳ್ಳುವುದಿಲ್ಲ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಸೊಲ್ಯೂಷನ್‌ನಲ್ಲಿರುವುದೂ ರಬ್ಬರೇ. ಅಲ್ಲಿ ಅದನ್ನು ಕರಗಿಸಿರುವುದು ನೀರಿನಲ್ಲಲ್ಲ, ಬೇಗ ಆರುವ ಪೆಟ್ರೋಲಿಯಂ ದ್ರಾವಕದಲ್ಲಿ. ಹಾಗಾಗಿ ಆ ಪುಟ್ಟ ಡಬ್ಬಿಗೆ ಬೀಡಿ ಹಚ್ಚಲು ಗೀರಿದ ಒಂದು ಕಡ್ಡಿ ಸಾಕು. ಚಪ್ಪಲಿಯ ಅಂಟು, ಪೇಂಟಿನ ಥಿನ್ನರ್, ಮಾತ್ರೆಗಳಿಗೆ ಲೇಪ ಕೊಡಲು ಔಷಧ ಉದ್ಯಮದಲ್ಲಿ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್, ಮುದ್ರಣಾಲಯದ ರೋಲರ್ ಒರೆಸುವ ದ್ರವ ಎಲ್ಲಕ್ಕೂ ಇದೇ ಗುಣ. ಬೇಗ ಆರಬೇಕೆಂದೇ ಅವನ್ನು ಬಳಸುತ್ತಾರೆ. ಬೇಗ ಆರುವುದೆಂದರೆ ಬೇಗ ಆವಿಯಾಗಿ ಗಾಳಿ ಸೇರುವುದು.

ಬೆಂಕಿ ಹಿಡಿಯುವುದು ಆ ಆವಿಗೆ. ಇದು ತಿಳಿದರೆ ಅರ್ಧ ವಿಷಯ ತಿಳಿದಂತೆ.

ಹಣತೆಯನ್ನು ನೆನೆಯಬಹುದು. ಹಣತೆ ತುಂಬ ಶೇಂಗಾ ಎಣ್ಣೆ ಹಾಕಿ ಮೇಲೆ ಉರಿಯುವ ಕಡ್ಡಿ ಹಿಡಿದರೆ ಎಣ್ಣೆ ಹೊತ್ತುವುದಿಲ್ಲ; ಕಡ್ಡಿ ಅದರಲ್ಲಿ ಮುಳುಗಿದರೆ ಆರಿಹೋಗುತ್ತದೆ. ಬತ್ತಿ ಬೇಕು. ಬತ್ತಿ ತೊಟ್ಟು ತೊಟ್ಟಾಗಿ ಎಣ್ಣೆ ಏರಿಸಿ, ತನ್ನ ತುದಿಯ ಬಿಸಿಯಲ್ಲಿ ಅದನ್ನು ಆವಿ ಮಾಡಿ ಉರಿಸುತ್ತದೆ. ಪೆಟ್ರೋಲಿಗೆ, ಥಿನ್ನರ್‌ಗೆ, ಸ್ಪಿರಿಟ್‌ಗೆ ಬತ್ತಿಯ ಹಂಗಿಲ್ಲ. ಅವು ಕೂತಲ್ಲೇ, ಕೋಣೆಯ ಸಾಮಾನ್ಯ ಬಿಸಿಯಲ್ಲೇ, ತಾವಾಗಿ ಆವಿ ಬಿಡುತ್ತವೆ. ಯಾವ ಉಷ್ಣತೆಯಲ್ಲಿ ಒಂದು ದ್ರವದ ಮೇಲೆ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಕೂಡುತ್ತದೋ ಅದಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗೆ. ಹಿಮಾಲಯದ ತುದಿಯಲ್ಲಿಟ್ಟರೂ ಅದು ಆವಿ ಬಿಡುತ್ತಿರುತ್ತದೆ. ಥಿನ್ನರ್‌ಗಳಲ್ಲಿ ಹೆಚ್ಚಾಗಿ ಇರುವ ಟೊಲ್ವೀನ್‌ಗೆ 4 ಡಿಗ್ರಿ, ಐಸೊಪ್ರೊಪೈಲ್‌ಗೆ 12, ಶುದ್ಧ ಎಥೆನಾಲ್‌ಗೆ 13. ಹುಕ್ಕೇರಿ ಸೀಮೆಯಲ್ಲಿ ಜನವರಿಯ ಕೊರೆಯುವ ಒಂದೆರಡು ನಸುಕು ಬಿಟ್ಟರೆ ವರ್ಷವಿಡೀ ಉಷ್ಣತೆ ಇದಕ್ಕಿಂತ ಮೇಲೆಯೇ ಇರುತ್ತದೆ.

ಈ ಅಳತೆಗೆ ಒಂದು ಹಳೆಯ ಕತೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಎಣ್ಣೆ ದೀಪಗಳು ಮನೆಮನೆಗೆ ಬಂದಾಗ, ಬೇಗ ಹೊತ್ತುವ ಅಗ್ಗದ ಎಣ್ಣೆ ಬೆರೆಸಿ ಮಾರುವವರೂ ಹುಟ್ಟಿಕೊಂಡರು. ದೀಪಗಳು ಸಿಡಿದು ಜನ ಸುಟ್ಟುಕೊಂಡರು. ಫ್ರೆಡರಿಕ್ ಅಬೆಲ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ ಎಣ್ಣೆ ಪರೀಕ್ಷಿಸುವ ಒಂದು ಮುಚ್ಚಿದ ಬಟ್ಟಲಿನ ಉಪಕರಣ ರೂಪಿಸಿದ. 1879ರಲ್ಲಿ ಬ್ರಿಟನ್ನಿನ ಕಾನೂನು ಅದನ್ನು ಒಪ್ಪಿ 73 ಡಿಗ್ರಿ ಫ್ಯಾರನ್‌ಹೀಟ್ ಎಂಬ ಗೆರೆ ಎಳೆಯಿತು. ಸೆಲ್ಸಿಯಸ್‌ನಲ್ಲಿ ಅದು ಸುಮಾರು 23. ಭಾರತದ ಪೆಟ್ರೋಲಿಯಂ ಕಾಯ್ದೆಯಲ್ಲಿ ಇಂದಿಗೂ ‘ಎ’ ದರ್ಜೆಯ ಗಡಿ ಅದೇ 23 ಡಿಗ್ರಿ. ಅದಕ್ಕಿಂತ ಕೆಳಗೆ ಹೊತ್ತುವ ಪೆಟ್ರೋಲ್, ನಾಫ್ತಾದಂಥವು ‘ಎ’. 23ರಿಂದ 65ರವರೆಗಿನ ಸೀಮೆಎಣ್ಣೆ, ಡೀಸೆಲ್ ‘ಬಿ’. 65ರಿಂದ 93ರವರೆಗಿನವು ‘ಸಿ’.

ಡೀಸೆಲ್‌ಗೆ ಬೇಗ ಬೆಂಕಿ ಹತ್ತದು ಎಂಬ ಮಾತು ಹೊಲಗಳ ಕಡೆ ಬಲವಾಗಿದೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಭಾರತೀಯ ಮಾನಕದಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ತಗಡಿನ ಶೆಡ್ಡಿನ ಪಕ್ಕ ನಿಂತ ಕಪ್ಪು ಬ್ಯಾರಲ್ ಆ ಗೆರೆಯನ್ನು ಮಧ್ಯಾಹ್ನದ ಹೊತ್ತಿಗೇ ದಾಟಿರುತ್ತದೆ.

ಆವಿಯ ಇನ್ನೊಂದು ಗುಣವನ್ನು ಕಣ್ಣಾರೆ ನೋಡಲಾಗದ್ದರಿಂದಲೇ ಜನ ನಂಬುವುದಿಲ್ಲ. ಒಲೆಯ ಹೊಗೆಯಂತೆ ಅದು ಮೇಲೇರಿ ಹೋಗುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಎಥೆನಾಲ್‌ನದು ಒಂದೂವರೆ ಪಟ್ಟು. ಹೊಲಕ್ಕೆ ಬಿಟ್ಟ ನೀರಿನಂತೆ ಅದು ತಗ್ಗು ಹುಡುಕುತ್ತದೆ. ನೆಲಕ್ಕೆ ಅಂಟಿಕೊಂಡು ಹರಿದು ಗಟಾರಕ್ಕೆ, ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಇಳಿಯಲು ತೋಡಿದ ಗುಂಡಿಗೆ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಸೇರುತ್ತದೆ. ಅಲ್ಲಿ ಚಹಾ ಕಾಯಿಸುವ ಸ್ಟೋವ್ ಇದ್ದರೆ ಬೆಂಕಿ ಅಲ್ಲಿಂದ ಹೊತ್ತಿ, ಆವಿಯ ಹಾದಿ ಹಿಡಿದು ಬ್ಯಾರಲ್‌ನ ಬಾಯಿಗೆ ವಾಪಸು ಬರುತ್ತದೆ. ಕಿಟಕಿ ತೆರೆದಿಟ್ಟಿದ್ದೆವು ಎಂದು ಆಮೇಲೆ ಹೇಳುವವರಿದ್ದಾರೆ. ಕಿಟಕಿ ಎದೆಯೆತ್ತರದಲ್ಲಿರುತ್ತದೆ, ಆವಿ ಕಾಲ ಬಳಿ ಇರುತ್ತದೆ. ಅದಕ್ಕಾಗಿ ಇಂಥ ದ್ರವ ಇಡುವ ಕೋಣೆಯಲ್ಲಿ ಗಾಳಿ ಹೊರಹೋಗುವ ಕಿಂಡಿ ನೆಲಮಟ್ಟದಲ್ಲೂ ಇರಬೇಕು, ಸೂರಿನ ಬಳಿಯೂ ಇರಬೇಕು.

2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರ ಕೈಗಾರಿಕಾ ಪ್ರದೇಶದ ಇಂಡಿಯನ್ ಆಯಿಲ್ ಡಿಪೊದಲ್ಲಿ ಆದದ್ದು ಇದೇ, ದೈತ್ಯ ಅಳತೆಯಲ್ಲಿ. ಪಕ್ಕದ ಕಂಪನಿಯ ಡಿಪೊಗೆ ಕೊಳವೆಯಲ್ಲಿ ಪೆಟ್ರೋಲ್ ಕಳಿಸಲು ವಾಲ್ವ್ ಸಿದ್ಧಪಡಿಸುವಾಗ ಪೆಟ್ರೋಲ್ ಕಾರಂಜಿಯಾಗಿ ಚಿಮ್ಮಿತು. ಆವಿಗೆ ಸಿಕ್ಕ ಸಿಬ್ಬಂದಿಗೆ ಅದನ್ನು ನಿಲ್ಲಿಸಲಾಗಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿದ ಪೆಟ್ರೋಲಿನ ಆವಿ ಇಬ್ಬನಿಯಂತೆ ಆವರಣವನ್ನೆಲ್ಲ ಹಬ್ಬಿತು. ಆಮೇಲೆ ಎಲ್ಲೋ ಒಂದು ಕಿಡಿ. ಹನ್ನೊಂದು ಮಂದಿ ಸತ್ತರು, ಅವರಲ್ಲಿ ಐವರು ಡಿಪೊದ ಹೊರಗಿನವರು. ಟ್ಯಾಂಕುಗಳ ಬೆಂಕಿ ಹನ್ನೊಂದು ದಿನ ಉರಿಯಿತು. ಎಂ.ಬಿ. ಲಾಲ್ ಸಮಿತಿ ಇದನ್ನು ತನಿಖೆ ಮಾಡಿತು. ದೂರದಿಂದಲೇ ಮುಚ್ಚಬಲ್ಲ ವಾಲ್ವ್, ಸೋರಿಕೆ ಹಿಡಿಯುವ ಸಂವೇದಕ ಮುಂತಾದವು ದೇಶದ ಡಿಪೊಗಳಿಗೆ ಕಡ್ಡಾಯವಾಗುತ್ತಾ ಬಂದದ್ದು ಆ ನಂತರ.

ಡಿಸ್ಟಿಲರಿಗಳ ಎಥೆನಾಲ್ ಟ್ಯಾಂಕುಗಳಿಗೆ ಇನ್ನೂ ಸೂಕ್ಷ್ಮವಾದ ಒಂದು ಸಮಸ್ಯೆಯಿದೆ. ಆವಿಗೆ ಬೆಂಕಿ ಹತ್ತಬೇಕಾದರೆ ಅದು ಗಾಳಿಯಲ್ಲಿ ತಕ್ಕ ಪ್ರಮಾಣದಲ್ಲಿ ಬೆರೆತಿರಬೇಕು. ತೀರ ಕಡಿಮೆಯಾದರೂ ಹೊತ್ತದು, ತೀರ ಹೆಚ್ಚಾದರೂ ಹೊತ್ತದು. ಮುಚ್ಚಿದ ಪೆಟ್ರೋಲ್ ಟ್ಯಾಂಕಿನ ಒಳಗೆ ದ್ರವದ ಮೇಲಿನ ಖಾಲಿ ಜಾಗದಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಉರಿಯಲು ಗಾಳಿಯೇ ಸಾಲದು. ಎಥೆನಾಲ್ ಹಾಗಲ್ಲ. ಅದರ ಆವಿ ಗಾಳಿಯಲ್ಲಿ ನೂರಕ್ಕೆ 3.3ರಿಂದ 19ರಷ್ಟಿದ್ದರೆ ಹೊತ್ತುತ್ತದೆ, ಮತ್ತು 25 ಡಿಗ್ರಿಯಲ್ಲಿ ಟ್ಯಾಂಕಿನ ಒಳಗೆ ಅದು ತಾನಾಗಿಯೇ ಎಂಟರ ಹತ್ತಿರ ನಿಲ್ಲುತ್ತದೆ. ಅಂದರೆ ಬೆಳಗಾವಿಯ ಸಾಮಾನ್ಯ ಹವೆಯಲ್ಲಿ ಎಥೆನಾಲ್ ಟ್ಯಾಂಕಿನ ಖಾಲಿ ಜಾಗ ಸದಾ ಹೊತ್ತಿಕೊಳ್ಳಲು ಸಿದ್ಧವಾಗಿ ಇರುವಂಥದ್ದು.

ಅಷ್ಟು ಎಚ್ಚರ ಬೇಕಾದ ವಸ್ತುವನ್ನು ತಿಂಗಳುಗಟ್ಟಲೆ ಸುರಕ್ಷಿತವಾಗಿ ಇಟ್ಟುಕೊಳ್ಳುವ ವಿದ್ಯೆ ಇಲ್ಲದಿಲ್ಲ. ಟ್ಯಾಂಕಿನ ನೆತ್ತಿಯ ಉಸಿರುಗೊಳವೆಗೆ ಜ್ವಾಲೆ ತಡೆಯುವ ಲೋಹದ ಜಾಲರಿಯ ಸಾಧನ ಇರುತ್ತದೆ. ಹೊರಗಿನ ಬೆಂಕಿ ಆ ಸಣ್ಣ ಸಣ್ಣ ಸಂದಿಗಳಲ್ಲಿ ಹಾಯುವಾಗ ಲೋಹಕ್ಕೆ ಬಿಸಿ ಬಿಟ್ಟುಕೊಟ್ಟು ನಂದಿಹೋಗುತ್ತದೆ. ಕೆಲವು ಕಡೆ ಖಾಲಿ ಜಾಗಕ್ಕೆ ಸಾರಜನಕ ತುಂಬುತ್ತಾರೆ. ಟ್ಯಾಂಕಿನ ಸುತ್ತ ಸಿಮೆಂಟಿನ ಒಡ್ಡು; ದೊಡ್ಡ ಟ್ಯಾಂಕು ಪೂರ್ತಿ ಸೋರಿದರೂ ಹೊರಗೆ ಹರಿಯದಷ್ಟು ಎತ್ತರ. ದೀಪ, ಸ್ವಿಚ್ಚು, ಮೋಟರ್ ಎಲ್ಲವೂ ಫ್ಲೇಮ್‌ಪ್ರೂಫ್, ಅಂದರೆ ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂಥವು. ಟ್ಯಾಂಕರ್ ತುಂಬುವ ಮೊದಲು ಅದರ ಲೋಹದ ಮೈಗೆ ಅರ್ಥಿಂಗ್ ತಂತಿಯ ಚಿಮಟ ಕಚ್ಚಿಸಲೇಬೇಕು. ದ್ರವ ಕೊಳವೆಯಲ್ಲಿ ಹರಿಯುವಾಗ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ಚಳಿಗಾಲದಲ್ಲಿ ಟೆರಿಲಿನ್ ಅಂಗಿ ಕಳಚುವಾಗ ಚಟಪಟ ಎನ್ನುವ ಕಿಡಿಯೇ ಅದು, ಅಷ್ಟು ಕಿಡಿ ಸಾಕು. ತಂತಿ ಅದನ್ನು ನೆಲಕ್ಕಿಳಿಸುತ್ತದೆ.

ದೊಡ್ಡ ಆವರಣಗಳಲ್ಲಿ ಅವಘಡ ಆಗುವುದೇ ಇಲ್ಲವೆಂದಲ್ಲ. ಆಂಧ್ರದ ಅಚ್ಯುತಾಪುರದ ಔಷಧ ಕಾರ್ಖಾನೆಯೊಂದರಲ್ಲಿ 2024ರ ಆಗಸ್ಟ್ 21ರಂದು ಮೇಲಂತಸ್ತಿನ ಕೊಳವೆಯಿಂದ ಸೋರಿದ ದ್ರಾವಕ ಕೆಳಗಿನ ವಿದ್ಯುತ್ ಪ್ಯಾನೆಲ್ ಮೇಲೆ ತೊಟ್ಟಿಕ್ಕಿ ಸ್ಫೋಟವಾಗಿ 17 ಮಂದಿ ಸತ್ತರು. ಬೆಳಗಾವಿಯ ಮಗ್ಗುಲಿನ ನಾವಗೆಯ ಟೇಪ್ ಕಾರ್ಖಾನೆಗೆ ಅದೇ ತಿಂಗಳ ಆರಂಭದಲ್ಲಿ ಬೆಂಕಿ ಬಿದ್ದು ಒಬ್ಬ ಯುವ ಕಾರ್ಮಿಕ ಜೀವ ಕಳೆದುಕೊಂಡಿದ್ದ. ಆ ನೋವು ಜಿಲ್ಲೆಯ ಜನರಿಗೆ ಇನ್ನೂ ಹಸಿ. ಆದರೂ ದೊಡ್ಡ ಕಾರ್ಖಾನೆಗೆ ಪರವಾನಗಿಯಿದೆ, ತಪಾಸಣೆಯಿದೆ, ತಪ್ಪಾದರೆ ಕೇಳುವವರಿದ್ದಾರೆ. ಹೆಚ್ಚು ಕಳವಳ ಹುಟ್ಟಿಸುವುದು ಯಾರೂ ಕೇಳದ ಸಣ್ಣ ಶೆಡ್ಡು.

ಆ ಶೆಡ್ಡಿನಲ್ಲಿ ಕೆಲಸ ಮಾಡುವವರು ಮೂರ್ನಾಲ್ಕು ಜನ. ಗಾಡಿಗೆ ಬಣ್ಣ ಹೊಡೆಯುವವ, ಬೆಸುಗೆಯವ, ಕಲಿಯಲು ಬಂದ ಹುಡುಗ. ಥಿನ್ನರ್ ತುಂಬಿದ ಕ್ಯಾನು ಬೆಸುಗೆಯ ಜಾಗದ ಪಕ್ಕದಲ್ಲೇ, ಯಾಕೆಂದರೆ ಜಾಗ ಇರುವುದೇ ಅಷ್ಟು. ಎಂಜಿನ್ ಬಿಡಿಭಾಗ ತೊಳೆಯಲು ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಪೆಟ್ರೋಲ್ ಸುರಿದಿಟ್ಟಿರುತ್ತಾರೆ. ಕೆಲಸ ಮುಗಿದ ಮೇಲೂ ಅದು ತೆರೆದೇ ಇರುತ್ತದೆ. ಒರೆಸಿದ ಬಟ್ಟೆಗಳು ಮೂಲೆಯಲ್ಲಿ ರಾಶಿ. ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆ ಒಂದೇ: ‘ಇಷ್ಟ್ ವರ್ಷ ಆತ್ರಿ, ಏನೂ ಆಗಿಲ್ಲ.’ ಈ ಮಾತು ಹೇಳುವವರು ಅಜಾಗರೂಕರಲ್ಲ. ಅವರು ತಮ್ಮ ಅನುಭವವನ್ನು ನಂಬಿದ್ದಾರೆ, ಅಷ್ಟೇ. ತಕ್ಕಷ್ಟು ಆವಿ, ತಕ್ಕಷ್ಟು ಗಾಳಿ, ಒಂದು ಕಿಡಿ ಈ ಮೂರೂ ಒಂದೇ ಗಳಿಗೆಯಲ್ಲಿ ಕೂಡುವುದು ಹತ್ತು ವರ್ಷಕ್ಕೊಮ್ಮೆ ಇರಬಹುದು. ಆ ಗಳಿಗೆಯಲ್ಲಿ ಅಲ್ಲಿ ನಿಂತಿರುವವನು ಬಹುಶಃ ಕಲಿಯಲು ಬಂದ ಹುಡುಗ.

ಬೆಂಗಳೂರಿನ ಮೈಸೂರು ರಸ್ತೆ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ 2020ರ ನವೆಂಬರ್ 10ರಂದು ಹೊತ್ತಿದ್ದು ಮನೆಗಳ ನಡುವೆ ಇದ್ದ ಒಂದು ರಾಸಾಯನಿಕ ಗೋದಾಮು. ಕೋವಿಡ್‌ನ ಕಾಲ; ಸ್ಯಾನಿಟೈಸರ್ ತಯಾರಿಸುವ ದ್ರವಗಳಿಗೆ ಎಲ್ಲಿಲ್ಲದ ಬೇಡಿಕೆ. ಬ್ಯಾರಲ್‌ಗಳು ಒಂದರ ಹಿಂದೊಂದು ಸಿಡಿದವು. ಕಪ್ಪು ಹೊಗೆ ನಗರದ ದೂರದ ಬಡಾವಣೆಗಳಿಗೂ ಕಾಣುತ್ತಿತ್ತು. ಅಕ್ಕಪಕ್ಕದ ಮನೆಗಳಿಗೂ ವಾಹನಗಳಿಗೂ ಬೆಂಕಿ ಹಬ್ಬಿ, ಅಗ್ನಿಶಾಮಕ ಸಿಬ್ಬಂದಿ ರಾತ್ರಿಯಿಡೀ ಹೆಣಗಬೇಕಾಯಿತು. ಒಂದೂ ಜೀವ ಹೋಗಲಿಲ್ಲ ಎಂಬುದು ದೊಡ್ಡ ಸಮಾಧಾನ. ಹೈದರಾಬಾದಿನ ನಾಂಪಲ್ಲಿಯ ಜನರಿಗೆ ಆ ಸಮಾಧಾನವೂ ಇರಲಿಲ್ಲ: 2023ರ ನವೆಂಬರ್ 13ರಂದು ಅಲ್ಲಿನ ವಸತಿ ಕಟ್ಟಡವೊಂದರ ಕೆಳಗೆ ಸಂಗ್ರಹಿಸಿಟ್ಟಿದ್ದ ರಾಸಾಯನಿಕದ ಡ್ರಮ್ಮುಗಳಿಗೆ ಬೆಂಕಿ ತಾಗಿ, ಮೇಲಿನ ಮಹಡಿಗಳಲ್ಲಿದ್ದ ಒಂಬತ್ತು ಮಂದಿ ಸತ್ತರು. ಕೆಳಗೆ ಗೋದಾಮು, ಮೇಲೆ ಮನೆ ಎಂಬ ವ್ಯವಸ್ಥೆ ಸಂಕೇಶ್ವರ, ಗೋಕಾಕಗಳ ಪೇಟೆ ಬೀದಿಗಳಲ್ಲೂ ಅಪರೂಪವಲ್ಲ. ಬಣ್ಣದ ಅಂಗಡಿಯ ಹಿಂಭಾಗದಲ್ಲಿ ಟರ್ಪೆಂಟೈನ್, ಥಿನ್ನರ್‌ಗಳ ಡಬ್ಬಿ ಪೇರಿಸಿರುವ ಕೋಣೆಯ ಪಕ್ಕದಲ್ಲೇ ಮಾಳಿಗೆಗೆ ಹತ್ತುವ ಏಕೈಕ ಮೆಟ್ಟಿಲು ಇದ್ದರೆ, ಮೊದಲು ಬದಲಾಗಬೇಕಾದದ್ದು ಆ ಕೋಣೆಯ ಜಾಗ.

ಕಾನೂನು ಸಣ್ಣವರಿಗೆ ಎಷ್ಟು ಅವಕಾಶ ಕೊಟ್ಟಿದೆ ಎಂಬುದು ತಿಳಿದಿರುವುದು ಒಳ್ಳೆಯದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ‘ಎ’ ದರ್ಜೆಯ ದ್ರವವನ್ನು ಒಟ್ಟು 30 ಲೀಟರ್‌ವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಭದ್ರವಾಗಿ ಮುಚ್ಚಿರಬೇಕು. ಗಾಜಿನದಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25. ‘ಬಿ’ ದರ್ಜೆಯದು 2,500 ಲೀಟರ್‌ವರೆಗೆ, ಒಂದೊಂದು ಪಾತ್ರೆ 1,000 ಲೀಟರ್ ಮೀರದಂತೆ. ಅದಕ್ಕಿಂತ ಹೆಚ್ಚಿದ್ದರೆ ಪರವಾನಗಿ ಬೇಕು. ಈ ವ್ಯವಸ್ಥೆಯ ಮೇಲ್ವಿಚಾರಣೆಗೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯಿದೆ. ಕಾರ್ಖಾನೆಗಳ ಒಳಗಿನ ಸುರಕ್ಷತೆ ನೋಡುವುದು ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ. 90 ವರ್ಷ ಹಿಂದಿನ ಆ ಕಾಯ್ದೆಯ ಪಟ್ಟಿಯಲ್ಲಿ ಗಾಜು, ಕಲ್ಲುಪಾತ್ರೆ, ಲೋಹ ಮಾತ್ರ ಇವೆ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ಅಂದು ಹುಟ್ಟಿಯೇ ಇರಲಿಲ್ಲ. ಇಂದು ಅದರಲ್ಲೇ ಪೆಟ್ರೋಲ್ ತರುತ್ತಾರೆ. ಅದು ತೆಳುವಾಗಿ ಬಿಸಿಗೆ ಸೊಟ್ಟಗಾಗುತ್ತದೆ, ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಯಲು ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ, ಬಾಯಾರಿದ ಮಗುವೊಂದು ಅದನ್ನು ನೀರೆಂದು ಎತ್ತಿಕೊಳ್ಳುವುದು.

ಹಾಗಾದರೆ ಸಣ್ಣ ಶೆಡ್ಡಿನವರು ಏನು ಮಾಡಬಹುದು? ದುಡ್ಡು ಬೇಡದ ಕೆಲಸವೇ ಹೆಚ್ಚಿನದು. ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕೆಲಸದ ಜಾಗಕ್ಕೆ ತಂದು, ಉಳಿದದ್ದನ್ನು ಶೆಡ್ಡಿನ ಹೊರಗೆ ನೆರಳಿರುವ ಬೇರೆ ಗೂಡಿನಲ್ಲಿ ಬೀಗ ಹಾಕಿಡುವುದು. ಬಳಸಿದ ಕೂಡಲೇ ಮುಚ್ಚಳ ತಿರುಗಿಸುವುದು. ಬ್ಯಾರಲ್‌ನಿಂದ ಡಬ್ಬಿಗೆ ಇಳಿಸುವಾಗ ಎರಡೂ ಲೋಹದವಾಗಿದ್ದು ಅವುಗಳ ನಡುವೆ ಒಂದು ತಾಮ್ರದ ತಂತಿ ಕಟ್ಟಿ, ಬ್ಯಾರಲ್ಲಿಗೆ ಅರ್ಥಿಂಗ್ ಕೊಡುವುದು. ಪಂಪಿನಲ್ಲಿ ಕ್ಯಾನು ತುಂಬಿಸುವಾಗ ಅದನ್ನು ಗಾಡಿಯ ಮೇಲಿಂದ ನೆಲಕ್ಕಿಳಿಸಿಡುವುದು. ಕಂಠಮಟ ತುಂಬದಿರುವುದು ಕೂಡ ಮುಖ್ಯ: 200 ಲೀಟರ್ ಪೆಟ್ರೋಲ್ ಬೆಳಗಿನ ತಂಪಿನಿಂದ ಮಧ್ಯಾಹ್ನಕ್ಕೆ 20 ಡಿಗ್ರಿ ಕಾದರೆ ಸುಮಾರು 4 ಲೀಟರ್ ಹಿಗ್ಗುತ್ತದೆ; ಆ ಹಿಗ್ಗಿಗೆ ಜಾಗವಿಲ್ಲದಿದ್ದರೆ ಮುಚ್ಚಳದ ಸಂದಿಯೇ ದಾರಿ. ಅಗಸೆ ಎಣ್ಣೆ ಬೆರೆತ ಬಣ್ಣ, ವಾರ್ನಿಷ್ ಒರೆಸಿದ ಬಟ್ಟೆಗಳಂತೂ ರಾಶಿಯಲ್ಲಿ ತಾವಾಗಿ ಕಾದು, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲವು. ಅವಕ್ಕೆ ಮುಚ್ಚಳವಿರುವ ತಗಡಿನ ಡಬ್ಬಿ ಬೇಕು, ದಿನಾ ಖಾಲಿಯಾಗಬೇಕು.

ಸ್ವಲ್ಪ ಖರ್ಚು ಮಾಡಬಲ್ಲವರಿಗೆ ಹಳದಿ ಬಣ್ಣದ ಕಪಾಟುಗಳು ಬರುತ್ತವೆ. ಎರಡು ಪದರದ ಉಕ್ಕು, ನಡುವೆ ಗಾಳಿಯ ಅಂತರ, ಸೋರಿದ್ದು ಹೊರಬರದಂತೆ ತಳದಲ್ಲಿ ಹೊಸ್ತಿಲು. ಅದು ಬೆಂಕಿಯನ್ನು ಗೆಲ್ಲುವ ಪೆಟ್ಟಿಗೆಯೇನಲ್ಲ. ಹೊರಗೆ ಹೊತ್ತಿದ ಬೆಂಕಿಯಿಂದ ಒಳಗಿನ ದ್ರವವನ್ನು ಕೆಲವು ನಿಮಿಷ ಕಾಯುತ್ತದೆ. ಅಷ್ಟರಲ್ಲಿ ಜನ ಹೊರಗೋಡಬಹುದು. ಸ್ಪ್ರಿಂಗ್ ಮುಚ್ಚಳವಿದ್ದು ಬಾಯಿಗೆ ಜಾಲರಿ ಕೂರಿಸಿದ ಲೋಹದ ಸುರಕ್ಷತಾ ಕ್ಯಾನುಗಳು ಅದಕ್ಕಿಂತ ಅಗ್ಗ. ಡಿಸ್ಟಿಲರಿ ಟ್ಯಾಂಕಿನ ನೆತ್ತಿಯ ಮೇಲಿರುವ ವಿದ್ಯೆಯೇ ಅಂಗೈ ಅಗಲದಲ್ಲಿ ಇಲ್ಲಿಯೂ ಇದೆ. ಆಮ್ಲಜನಕದ ಸಿಲಿಂಡರು, ಬ್ಲೀಚಿಂಗ್ ಪುಡಿ, ನೈಟ್ರೇಟ್ ಗೊಬ್ಬರ ಇವು ಬೆಂಕಿಗೆ ಉಸಿರು ಕೊಡುವ ವಸ್ತುಗಳು. ಇದೇ ಕೋಣೆಗೆ ಅವು ಬರಬಾರದು. ಕಾಲೇಜುಗಳ ಪ್ರಯೋಗಾಲಯದವರಿಗೆ ಬೇರೆಯೇ ಒಂದು ಮಾತು: ಈಥರ್‌ನಂಥದ್ದನ್ನು ತಣ್ಣಗಿರಲೆಂದು ಮನೆಬಳಕೆಯ ಫ್ರಿಜ್ಜಿನಲ್ಲಿ ಇಡುವ ರೂಢಿ ಕೆಲವು ಕಡೆ ಇದೆ. ಒಳಗಿನ ಥರ್ಮೋಸ್ಟಾಟ್ ಪ್ರತಿ ಸಲ ಚಾಲೂ ಆಗುವಾಗ ಸಣ್ಣ ಕಿಡಿ ಹಾರುತ್ತದೆ, ಸುತ್ತ ಆವಿ ತುಂಬಿದ ಮುಚ್ಚಿದ ಪೆಟ್ಟಿಗೆ.

ಖಾಲಿ ಬ್ಯಾರಲ್‌ನ ಮಾತು ಬೇರೆಯಾಗಿಯೇ ಹೇಳಬೇಕು. ತುಂಬಿದ ಬ್ಯಾರಲ್‌ಗೆ ಹೆದರುವ ಜನ ಖಾಲಿಯದಕ್ಕೆ ಹೆದರುವುದಿಲ್ಲ. ‘ಖಾಲಿ ಐತ್ರಿ, ಒಳಗ ಏನೂ ಇಲ್ಲ’ ಎನ್ನುತ್ತಲೇ ಗ್ಯಾಸ್ ಕಟರ್ ಹಚ್ಚುತ್ತಾರೆ. ಬ್ಯಾರಲ್ ಕತ್ತರಿಸಿದರೆ ದನಕ್ಕೆ ನೀರಿನ ಬಾನಿಯಾಗುತ್ತದೆ, ನೀರು ಕಾಯಿಸುವ ಒಲೆಯಾಗುತ್ತದೆ. ಹಳ್ಳಿಯಲ್ಲಿ ಅದಕ್ಕೆ ಬೇಡಿಕೆಯಿದೆ. ಒಳಗೆ ಉಳಿದ ಸ್ವಲ್ಪವೇ ದ್ರವ ಆವಿಯಾಗಿ ಇಡೀ ಬ್ಯಾರಲ್ಲಿನ ಗಾಳಿಯೊಂದಿಗೆ ಬೆರೆತಿರುತ್ತದೆ, ಉರಿಯಲು ಹೇಳಿಮಾಡಿಸಿದ ಹದದಲ್ಲಿ. ಕಟರ್‌ನ ಜ್ವಾಲೆ ತಗಡು ತೂರಿದ ಕ್ಷಣ ಬ್ಯಾರಲ್ಲಿನ ತಳ ಕಿತ್ತು ಹಾರುತ್ತದೆ. ಎದುರಿಗೆ ಕೂತವನ ಎದೆ, ಮುಖಕ್ಕೇ ಅದು ಬಡಿಯುವುದು. 1948ರ ಕಾರ್ಖಾನೆ ಕಾಯ್ದೆಯನ್ನು ಬರೆದವರು ಇದನ್ನು ಅಂದೇ ತಿಳಿದಿದ್ದರು: ಹೊತ್ತಿಕೊಳ್ಳುವ ವಸ್ತು ಇದ್ದ ಪಾತ್ರೆಯನ್ನು ಒಳಗಿನ ವಸ್ತು, ಆವಿ ಎರಡನ್ನೂ ತೆಗೆಯುವವರೆಗೆ ಬೆಸುಗೆ ಹಾಕಬಾರದು, ಕತ್ತರಿಸಬಾರದು ಎಂದು ಅದರ 37ನೇ ಕಲಮು ಹೇಳಿತ್ತು. ಊರ ಗುಜರಿ ಅಂಗಡಿಗೆ ಆ ಮಾತು ಇನ್ನೂ ತಲುಪಿಲ್ಲ. ಅಲ್ಲಿ ಬ್ಯಾರಲ್ ಕತ್ತರಿಸುವ ಹುಡುಗನಿಗೆ ಯಾರಾದರೂ ಕುಳಿತು, ಅವನ ಮಾತಿನಲ್ಲಿ, ಇದನ್ನು ಹೇಳಬೇಕಿದೆ.

ಇಷ್ಟೆಲ್ಲದರ ನಂತರವೂ ಬೆಂಕಿ ಹತ್ತಿದರೆ ಕೈಗೆ ಮೊದಲು ಸಿಗುವುದು ನೀರಿನ ಬಕೀಟು. ಪೆಟ್ರೋಲ್, ಥಿನ್ನರ್ ನೀರಿಗಿಂತ ಹಗುರ. ನೀರೆರಚಿದರೆ ಅವು ಮೇಲೆ ತೇಲಿ, ಉರಿಯುತ್ತಲೇ ಹರಿದು ಶೆಡ್ಡಿನ ಇನ್ನೊಂದು ತುದಿ ತಲುಪುತ್ತವೆ. ಒಣ ಪುಡಿಯ ಸಿಲಿಂಡರು ಅಥವಾ ನೊರೆ ಬೇಕು, ಸಣ್ಣದಾದರೆ ಮರಳು ಸಾಕು. ಎಥೆನಾಲ್ ನೀರಿನಲ್ಲಿ ಬೆರೆಯುತ್ತದೆ ನಿಜ. ಆದರೆ ಅರ್ಧಕ್ಕರ್ಧ ನೀರು ಬೆರೆತ ಸ್ಪಿರಿಟ್ ಕೂಡ ಸುಮಾರು 24 ಡಿಗ್ರಿಯಲ್ಲಿ ಹೊತ್ತುತ್ತದೆ. ನೊರೆಯೂ ಅದಕ್ಕೆ ಬೇರೆಯದೇ. ಪೆಟ್ರೋಲ್ ಬೆಂಕಿಯ ಮೇಲೆ ಹೊದಿಕೆಯಂತೆ ಕೂರುವ ಸಾಧಾರಣ ನೊರೆಯೊಳಗಿನ ನೀರನ್ನು ಆಲ್ಕೊಹಾಲ್ ಹೀರಿಕೊಂಡು ನೊರೆಯನ್ನೇ ಕರಗಿಸಿಬಿಡುತ್ತದೆ. ಆಲ್ಕೊಹಾಲ್ ತಾಳುವ ವಿಶೇಷ ನೊರೆ ಬೇಕು. ಮೇಲಾಗಿ ಎಥೆನಾಲ್‌ನ ಜ್ವಾಲೆ ತಿಳಿನೀಲಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅದು ಕಣ್ಣಿಗೆ ಕಾಣುವುದೇ ಕಷ್ಟ. ಗಾಳಿ ನಡುಗುವುದಷ್ಟೇ ಕಾಣುತ್ತದೆ, ಬಿಸಿ ತಾಗಿದಾಗ ಗೊತ್ತಾಗುತ್ತದೆ.

ಆದ್ದರಿಂದ 112ಕ್ಕೋ 101ಕ್ಕೋ ಕರೆ ಮಾಡುವವರು ‘ಬೆಂಕಿ ಬಿದ್ದೈತಿ, ಲಗೂನ ಬರ್‍ರಿ’ ಎನ್ನುವುದರ ಜೊತೆಗೆ ಏನು ಉರಿಯುತ್ತಿದೆ, ಎಷ್ಟು ಲೀಟರ್ ಇತ್ತು, ಪಕ್ಕದಲ್ಲಿ ಸಿಲಿಂಡರ್ ಇದೆಯೇ ಎಂಬುದನ್ನೂ ಹೇಳಿದರೆ ಯಾವ ನೊರೆ ತರಬೇಕೆಂಬುದು ಠಾಣೆಯಲ್ಲೇ ತೀರ್ಮಾನವಾಗುತ್ತದೆ. ಅದನ್ನು ಹೇಳಬೇಕಾದರೆ ಬ್ಯಾರಲ್ಲಿನ ಮೇಲೆ ಹೆಸರಿರಬೇಕು. ಬಣ್ಣದ ಶೆಡ್ಡಿನಲ್ಲಿ ಬಣ್ಣಕ್ಕೆ, ಕುಂಚಕ್ಕೆ ಬರವಿಲ್ಲ. ಕ್ಯಾನಿನ ಮೈಮೇಲೆ ‘ಥಿನ್ನರ್’ ಎಂದು ದಪ್ಪ ಅಕ್ಷರದಲ್ಲಿ ಬರೆಯಲು, ಬಾಗಿಲ ಹೊರಗೋಡೆಯ ಮೇಲೆ ಒಳಗೆ ಏನೇನು ಎಷ್ಟೆಷ್ಟಿದೆ ಎಂಬ ನಾಲ್ಕು ಸಾಲು ಬರೆಯಲು, ಸಂಜೆ ಶಟರ್ ಎಳೆಯುವ ಮುಂಚಿನ ಹತ್ತು ನಿಮಿಷ ಸಾಕಾಗುತ್ತದೆ.